ಇಡ್ಲಿ ಪಾತ್ರೆಯೊಳಗಿನ ಕಲ್ಲು

"ಈ ಮನ್ಯಾಗ ಇನ್ನ ಮ್ಯಾಲೆ ಗಡಗಡ ಅನ್ನೋ ಸಾಮಾನು ಒಂದೂ ಇರಬಾರದು" ಎಂದು ಕಲ್ಲೇಶ ಘೋಷಿಸಿದ್ದು ಒಂದು ಸೋಮವಾರ ಬೆಳಿಗ್ಗೆ, ಬಾಯಲ್ಲಿ ಬ್ರಶ್ ಇದ್ದಾಗಲೇ. ಇಂಥ ಮಹತ್ವದ ಘೋಷಣೆಗಳನ್ನು ಜನ ಬಾಯಿ ತೊಳೆದುಕೊಂಡು ಮಾಡುತ್ತಾರೆ. ಕಲ್ಲೇಶನಿಗೆ ಅಷ್ಟು ತಾಳ್ಮೆ ಉಳಿದಿರಲಿಲ್ಲ. ಅಡುಗೆಮನೆಯಿಂದ ಆ ಸಪ್ಪಳ ಮತ್ತೆ ಶುರುವಾಗಿತ್ತು. ಕಟಕಟ, ಕಟಕಟ, ನಡುನಡುವೆ ಒಂದು ಟಣ್!

ಹೀಗೆ ಘೋಷಿಸುವ ಅಧಿಕಾರ ಅವನಿಗೆ ಇರಲಿಲ್ಲ ಎನ್ನುವಂತಿಲ್ಲ. ಬಾಲಾನಗರದ ಒಂದು ಕಾರ್ಖಾನೆಯಲ್ಲಿ ವಿಮಾನಕ್ಕೆ ಬೇಕಾದ ಉಪಕರಣಗಳು ತಯಾರಾಗುತ್ತವೆ. ತಯಾರಾದ ಪ್ರತಿಯೊಂದು ಡಬ್ಬಿಯೂ ಕೊನೆಗೆ ಕಲ್ಲೇಶನ ಮೇಜಿಗೆ ಬರುತ್ತದೆ. ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿ, ಕಿವಿಯ ಪಕ್ಕ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸುತ್ತಾನೆ. ಒಳಗೆ ಒಂದು ಸ್ಕ್ರೂ ಬಿದ್ದಿರಲಿ, ಒಂದು ವಾಷರ್ ಉಳಿದಿರಲಿ, ಬೆಸುಗೆಯ ಸಾಸಿವೆಯಷ್ಟು ಹನಿ ಉದುರಿರಲಿ, ಅವನ ಕಿವಿಗೆ ಗೊತ್ತಾಗಿಬಿಡುತ್ತದೆ. ಈ ಕೆಲಸಕ್ಕೆ ಯಂತ್ರಗಳೂ ಇವೆ. ಆದರೆ ಯಂತ್ರ ಪಾಸು ಮಾಡಿದ ಡಬ್ಬಿಯನ್ನು ಕಲ್ಲೇಶ ವಾಪಸು ಕಳಿಸಿದ ಕಥೆಗಳನ್ನು ಕ್ಯಾಂಟೀನಿನಲ್ಲಿ ಇಂದಿಗೂ ಹೇಳುತ್ತಾರೆ. ಹೆಚ್ಚಾಗಿ ಹೇಳುವವನು ಕಲ್ಲೇಶನೇ.

ಕೆಲಸದ ಚಾಳಿ ಅವನ ಜೊತೆ ಮನೆಗೂ ಬರುತ್ತಿತ್ತು. ಬಿಸ್ಕೆಟ್ ಡಬ್ಬಿ, ಔಷಧದ ಬಾಟಲಿ, ಮದುವೆಗೆ ಕೊಡಬೇಕಾದ ಉಡುಗೊರೆ, ಎಲ್ಲವೂ ಅವನ ಕಿವಿಯ ಪಕ್ಕ ಒಂದು ಸಲ ಅಲ್ಲಾಡಿಯೇ ಮುಂದೆ ಹೋಗಬೇಕು. ಒಮ್ಮೆ ದಿಲ್‌ಸುಖ್‌ನಗರದ ನೆಂಟರ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಅಲ್ಲಿ ಕೂಸಿನ ಗಿಲಕಿಯನ್ನು ಎತ್ತಿ ಅಲ್ಲಾಡಿಸಿ, "ಇದರೊಳಗ ಏನೋ ಸಡಿಲ ಆಗೇತಿ" ಎಂದು ಗಂಭೀರವಾಗಿ ತೀರ್ಪು ಕೊಟ್ಟಿದ್ದ. ಕೂಸೊಂದನ್ನು ಬಿಟ್ಟು ಉಳಿದವರೆಲ್ಲ ನಕ್ಕಿದ್ದರು. ಕೂಸು ಗಿಲಕಿ ವಾಪಸು ಬೇಕೆಂದು ಅತ್ತಿತ್ತು.

ಇಷ್ಟು ವರ್ಷ ಅವನದು ಮೊದಲ ಪಾಳಿ. ನಸುಕಿನಲ್ಲೇ ಕೂಕಟ್‌ಪಲ್ಲಿಯಲ್ಲಿ ಕಾರ್ಖಾನೆಯ ಬಸ್ಸು ಹಿಡಿದುಬಿಟ್ಟರೆ ಮನೆಯಲ್ಲಿ ಬೆಳಗು ಹೇಗಾಗುತ್ತದೆ ಎಂಬುದು ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಈ ವರ್ಷ ಬಡ್ತಿಯ ಜೊತೆಗೆ ಜನರಲ್ ಶಿಫ್ಟ್ ಬಂತು. ಆರಾಮಾಗಿ ಎದ್ದು, ಆರಾಮಾಗಿ ಪೇಪರ್ ಓದಿ, ತಿಂಡಿ ತಿಂದು ಹೊರಡುವ ಸುಖ! ಈ ಸುಖದಲ್ಲಿ ಹೆಂಡತಿಗೂ ಪಾಲು ಕೊಡಬೇಕಲ್ಲ. ಅದಕ್ಕೇ ಅವನು ಹಾಲ್‌ನಲ್ಲಿ ಕುಳಿತು ಅವಳನ್ನು ಕರೆಯುತ್ತಲೇ ಇರುತ್ತಿದ್ದ. ವನಜಾ, ಕನ್ನಡಕ ಎಲ್ಲಿ? ವನಜಾ, ಟವೆಲ್ ಎಲ್ಲಿ? ವನಜಾ, ಇಲ್ಲಿ ಬಾ, ಪೇಪರಿನ್ಯಾಗ ಏನ್ ಬರದಾರ ನೋಡು. ವನಜಾ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ನೋಡಿ ಹೋಗುತ್ತಿದ್ದಳು. ಅವಳ ಚಹಾದ ಕಪ್ಪು ಒಲೆಯ ಪಕ್ಕ ಕೆನೆಗಟ್ಟಿಕೊಂಡು ಕೂತಿರುತ್ತಿತ್ತು. ಇವಳಿಗೆ ಈಚೆಗೆ ತಣ್ಣಗಾದ ಚಹಾ ರುಚಿ ಹತ್ತಿದೆ ಎಂದು ಕಲ್ಲೇಶ ತಿಳಿದುಕೊಂಡಿದ್ದ.

ಜನರಲ್ ಶಿಫ್ಟ್ ಶುರುವಾಗಿ ಸ್ವಲ್ಪ ದಿನಕ್ಕೆ ವನಜಾ ತವರೂರು ಮಾನ್ವಿಗೆ ಫೋನು ಮಾಡಿ ಅವ್ವನ ಜೊತೆ ಬಹಳ ಹೊತ್ತು ಮಾತಾಡಿದಳು. ಆಮೇಲೆ ಆ ಕಡೆಯಿಂದ ಬಂದ ನೆಂಟರೊಬ್ಬರ ಕೈಯಲ್ಲಿ ಒಂದು ಗೋಣಿಚೀಲ ಬಂತು. ಬಿಚ್ಚಿದರೆ ಒಳಗೆ ಹಿತ್ತಾಳೆಯ ಇಡ್ಲಿ ಪಾತ್ರೆ. ಹಳೆಯ ಕಾಲದ್ದು. ಎತ್ತಿದರೆ ಕೈ ಜಗ್ಗುವಷ್ಟು ತೂಕ, ಒಳಗೆಲ್ಲ ಹೊಳೆಯುವ ಕಲಾಯಿ, ಒಂದರ ಮೇಲೊಂದು ಕೂರುವ ಗುಳಿಯ ತಟ್ಟೆಗಳು, ಗುಡಿಯ ಶಿಖರದ ಹಾಗೆ ಮೇಲೆದ್ದ ಮುಚ್ಚಳ. ಅತ್ತೆ ಪಾರ್ವತಿಬಾಯಿ ಮದುವೆಯಾಗಿ ಬಂದಾಗ ತವರಿನಿಂದ ತಂದದ್ದಂತೆ. ಮನೆಯಲ್ಲಿ ಸ್ಟೀಲಿನ ಇಡ್ಲಿ ಸ್ಟ್ಯಾಂಡ್ ಇತ್ತು, ಕುಕ್ಕರ್ ಇತ್ತು. ಈ ಭಾರದ ಪಾತ್ರೆ ಯಾಕೆ ಬೇಕಿತ್ತು ಎಂದು ಕಲ್ಲೇಶ ಕೇಳಿದ್ದಕ್ಕೆ, "ಇದರಾಗ ಮಾಡಿದ್ರ ಛಲೋ ಆಗತಾವ್ರಿ" ಎಂದಳು ವನಜಾ.

ಛಲೋ ಏನೋ ಆದವು. ಆದರೆ ಪಾತ್ರೆಯ ಜೊತೆಗೆ ಒಂದು ಸಪ್ಪಳವೂ ಒಂದು ಕಾಯಿದೆಯೂ ಬಂದವು. ಒಲೆಯ ಮೇಲಿಟ್ಟು ನೀರು ಕುದಿಯತೊಡಗಿದ ಕೂಡಲೇ ಪಾತ್ರೆಯೊಳಗಿನಿಂದ ಕಟಕಟ ಸಪ್ಪಳ. ಮೊದಲ ದಿನವೇ ವನಜಾ ಬಾಗಿಲಲ್ಲಿ ನಿಂತು ಕಾಯಿದೆ ಓದಿಬಿಟ್ಟಳು.

"ಈ ಸಪ್ಪಳ ಆಗಾಕತ್ತಿದ್ದಾಗ ನನ್ನ ಕರೀಬ್ಯಾಡ್ರಿ. ಅಡಗಿ ಮನಿಗೂ ಬರಬ್ಯಾಡ್ರಿ. ಇಡ್ಲಿ ಕೆಡತಾವು."

"ಯಾಕ ಕೆಡತಾವು?"

"ಕೆಡತಾವ್ರಿ. ನಮ್ಮವ್ವ ಹೇಳ್ಯಾಳ."

ಕಲ್ಲೇಶ ಇಡ್ಲಿಯ ವಿಷಯದಲ್ಲಿ ಸಾಹಸ ಮಾಡುವವನಲ್ಲ. ಸಪ್ಪಳ ಇರುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದ. ಆದರೆ ಕಿವಿ ಮುಚ್ಚುವುದು ಹೇಗೆ? ಇಡೀ ನೌಕರಿಯನ್ನು ಸಪ್ಪಳ ಹಿಡಿಯುವುದರಲ್ಲೇ ಸವೆಸಿದ ಕಿವಿ ಅದು. ಹಾಲಿನ ಕುರ್ಚಿಯಲ್ಲಿ ಕುಳಿತು, ಪೇಪರನ್ನು ಮುಖದ ಮುಂದೆ ಹಿಡಿದು, ಅವನು ಸಪ್ಪಳವನ್ನೇ ಓದುತ್ತಿದ್ದ. ವಸ್ತು ಸಣ್ಣದು. ಗಟ್ಟಿ. ಅಂಚಿಲ್ಲ, ಉರುಟಾಗಿದೆ. ಲೋಹವಲ್ಲ. ಇಷ್ಟು ಪತ್ತೆಯಾಯಿತು. ಆದರೆ ಏನದು? ಅಲ್ಲಿ ಯಾಕಿದೆ? ಯಾರಿಗೂ ಬೇಡದ್ದು ಒಳಗೆ ಬಿದ್ದಿದ್ದರೆ ಇವಳು ತೆಗೆದೇಕೆ ಎಸೆಯುವುದಿಲ್ಲ?

ಇನ್ನೊಂದು ವಿಚಿತ್ರವೂ ಇತ್ತು. ಇಡ್ಲಿ ಬೆಂದ ವಾಸನೆ ಹಾಲಿಗೆ ಬಂದು, ಮೂಗು ಅದನ್ನು ಒಪ್ಪಿಕೊಂಡು, ಹೊಟ್ಟೆ ಉತ್ತರ ಕೊಟ್ಟ ಮೇಲೂ ಸಪ್ಪಳ ನಿಲ್ಲುತ್ತಿರಲಿಲ್ಲ. ಬೀದಿಯ ತಳ್ಳುಗಾಡಿಯವನು ಇಷ್ಟು ಹೊತ್ತಿಗೆ ಅರ್ಧ ಕೂಕಟ್‌ಪಲ್ಲಿಗೆ ಇಡ್ಲಿ ಹಂಚಿರುತ್ತಾನೆ. ಅದರ ಮೇಲೆ ವನಜಾ ಹಬೆಯಲ್ಲಿ ಬೇಯಿಸುವುದನ್ನೆಲ್ಲ ಹಿಡಿದುಬಿಟ್ಟಳು. ಒಂದು ದಿನ ಇಡ್ಲಿ, ಒಂದು ದಿನ ಕಡುಬು, ಒಂದು ದಿನ ನುಚ್ಚಿನುಂಡೆ. ಒಗ್ಗರಣೆ ಅವಲಕ್ಕಿ ಮಾಡು ಎಂದು ಬೇಡಿಕೊಂಡ ದಿನವೂ ಪಾತ್ರೆ ಒಲೆ ಏರಿತು. ಹಬೆಯಲ್ಲಿ ಬೇಯಿಸಿದ್ದು ಆರೋಗ್ಯಕ್ಕೆ ಒಳ್ಳೆಯದಂತೆ.

ಆ ಸೋಮವಾರ ವನಜಾ ಸ್ನಾನಕ್ಕೆ ಹೋದದ್ದೇ ತಡ, ಕಲ್ಲೇಶ ಅಡುಗೆಮನೆಗೆ ನುಗ್ಗಿದ. ತೊಳೆದು ಬೋರಲು ಹಾಕಿದ್ದ ಪಾತ್ರೆಯನ್ನು ಎತ್ತಿದ. ಅದರ ಕೆಳಗೇ, ಕಟ್ಟೆಯ ಮೇಲೆ, ಪಾತ್ರೆಯಷ್ಟೇ ಸ್ವಚ್ಛವಾಗಿ ತೊಳೆದಿಟ್ಟ ಒಂದು ಕಲ್ಲು! ಹೊಳೆಯಲ್ಲಿ ಉರುಳಿ ಉರುಳಿ ನುಣುಪಾದದ್ದು, ಕಂದು ಬಣ್ಣದ್ದು, ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು. ಕಲ್ಲೇಶನ ಎದೆ ಹೆಮ್ಮೆಯಿಂದ ಉಬ್ಬಿತು. ಸಣ್ಣದು, ಗಟ್ಟಿ, ಉರುಟು, ಲೋಹವಲ್ಲ. ಒಂದೂ ತಪ್ಪಿರಲಿಲ್ಲ. ಮುಚ್ಚಿದ ಡಬ್ಬಿಯೊಳಗೆ ಸಡಿಲ ವಸ್ತು ಕಂಡರೆ ಏನು ಮಾಡಬೇಕು ಎಂಬುದರ ಬಗ್ಗೆ ಅವನ ಕಾರ್ಖಾನೆಯಲ್ಲಿ ಎರಡನೇ ಅಭಿಪ್ರಾಯವಿಲ್ಲ. ಮುಂದಿನ ಬಾಲ್ಕನಿಗೆ ಹೋಗಿ, ಕೆಳಗೆ ಯಾರೂ ಇಲ್ಲವೆಂದು ನೋಡಿ, ಕಲ್ಲನ್ನು ಬಿಸಾಕಿದ.

ಅಪಾರ್ಟ್‌ಮೆಂಟಿನ ಮುಂದೆ ಬಿಲ್ಡರ್ ಒಂದು ಕಾರಂಜಿ ಕಟ್ಟಿಸಿದ್ದಾನೆ. ಅದರಿಂದ ನೀರು ಚಿಮ್ಮಿದ್ದನ್ನು ಕಂಡವರಿಲ್ಲ. ಆದರೆ ಸುತ್ತಲೂ ಅಂದಕ್ಕಾಗಿ ಒಂದು ಲಾರಿಯಷ್ಟು ಹೊಳೆಯ ಕಲ್ಲು ಸುರಿಸಿದ್ದಾನೆ. ಇಡ್ಲಿ ಪಾತ್ರೆಯ ಕಲ್ಲು ಹೋಗಿ ಆ ಬಳಗದ ನಡುವೆ ಬಿತ್ತು.

ಮರುದಿನ ಬೆಳಿಗ್ಗೆ ಪಾತ್ರೆಗೆ ನೀರು ಹಾಕುವಾಗ ವನಜಾ ಕಲ್ಲಿಗಾಗಿ ಕೈಯಾಡಿಸಿದಳು. ಇಲ್ಲ. ಕಟ್ಟೆಯ ಮೇಲೆ ಹುಡುಕಿದಳು, ಸಿಂಕಿನಲ್ಲಿ ಹುಡುಕಿದಳು. ಆಮೇಲೆ ಹಾಲಿಗೆ ಬಂದು ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಬಹುಮಾನಕ್ಕೆ ಕಾಯುವವನ ಕಳೆ ಇತ್ತು. ಅವನು ನಡೆದದ್ದನ್ನೆಲ್ಲ ಹೇಳಿದ. ಸಡಿಲ ವಸ್ತುವಿನಿಂದಾಗುವ ಅಪಾಯಗಳನ್ನೂ ಹೇಳಿದ. ಆಕಾಶದಲ್ಲಿ ಹಾರುವ ವಿಮಾನದಲ್ಲಿ ಇಂಥ ಒಂದು ಕಲ್ಲು ಇದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿದ.

"ನಮ್ಮ ಅಡಗಿ ಮನಿ ಎಲ್ಲಿಗೆ ಹಾರತೈತ್ರಿ?" ಎಂದಳು ವನಜಾ. "ಆ ಕಲ್ಲ ಇರಬೇಕು. ತಂದುಕೊಡ್ರಿ."

ಯಾಕಿರಬೇಕು ಎಂದು ಕಲ್ಲೇಶ ಕೇಳಿದ. ಇರಬೇಕು ಅಷ್ಟೇ ಎಂದಳು. ಶಾಸ್ತ್ರವೇ ಎಂದು ಕೇಳಿದ. ಅಲ್ಲ ಎಂದಳು. ದೃಷ್ಟಿಗೆ ಇಡುವುದೇ ಎಂದು ಕೇಳಿದ. ಅದೂ ಅಲ್ಲ. ಕೇಳಿದಷ್ಟೂ ಅವಳ ತುಟಿಗಳು ಬಿಗಿಯಾದವು, ಇವನ ಕುತೂಹಲ ಬೆಳೆಯಿತು. ಕೊನೆಗೆ ಅವಳು ಹೇಳಿದ್ದು ಒಂದೇ ಮಾತು: "ಐತವಾರ ಅವ್ವ ಬರಾಕತ್ತಾಳ. ಬಂದ ಕೂಡಲೆ ಪಾತ್ರಿ ನೋಡತಾಳ. ಕಲ್ಲ ಎಲ್ಲೈತಿ ಅಂತ ಕೇಳಿದ್ರ ನೀವ ಉತ್ತರಾ ಕೊಡ್ರಿ."

ಅತ್ತೆಯೆಂದರೆ ಕಲ್ಲೇಶನಿಗೆ ಹೆದರಿಕೆಯಿಲ್ಲ. ಆದರೆ ಅಳಿಯ ಹುಷಾರಿದ್ದಾನೆ, ವಿಮಾನದ ಕೆಲಸದವನು ಎಂದು ಅವರು ಮಾನ್ವಿ ತುಂಬ ಹೇಳಿಕೊಂಡು ಬಂದಿದ್ದರು. ಆ ಮಾನ ಒಂದು ಕಲ್ಲಿನಿಂದ ಹೋಗಬಾರದು. ಹಾಗೆಂದು ಸೋತು ಕಲ್ಲು ಹುಡುಕಿ ತರುವವನೂ ಅಲ್ಲ ಅವನು. ಕಲ್ಲಿಲ್ಲದೆಯೂ ಇಡ್ಲಿ ಅಷ್ಟೇ ಛಲೋ ಆಗುತ್ತವೆ ಎಂದು ತಾನೇ ಮಾಡಿ ತೋರಿಸುತ್ತೇನೆ, ಐತವಾರ ಅತ್ತೆಗೆ ತನ್ನ ಕೈಯಾರೆ ಬಡಿಸುತ್ತೇನೆ ಎಂದು ಪಣ ತೊಟ್ಟ. ವನಜಾ ಆ ವಾರ ಪೂರ್ತಿ ಉಪ್ಪಿಟ್ಟು ಮಾಡಿದಳು. ಉಪ್ಪಿಟ್ಟಿಗೆ ಸಪ್ಪಳವಿಲ್ಲ. ಹಾಗಾಗಿ ಕಲ್ಲೇಶ ಕರೆಯುತ್ತಲೇ ಇದ್ದ, ಅವಳು ಬರುತ್ತಲೇ ಇದ್ದಳು, ಚಹಾ ಮತ್ತೆ ಕೆನೆಗಟ್ಟಿತು.

ಶನಿವಾರ ರಜೆ. ತಾಲೀಮಿಗೆ ಸರಿಯಾದ ದಿನ. ವನಜಾ ತರಕಾರಿ ತರಲು ರೈತು ಬಜಾರಿಗೆ ಹೋಗುತ್ತಲೇ ಕಲ್ಲೇಶ ಪಾತ್ರೆಗೆ ನೀರು ಹಾಕಿದ, ತಟ್ಟೆಗಳಿಗೆ ಎಣ್ಣೆ ಸವರಿದ, ಅವಳು ರುಬ್ಬಿಟ್ಟ ಹಿಟ್ಟು ಸುರಿದ, ಮುಚ್ಚಳ ಮುಚ್ಚಿದ, ಒಲೆಯ ಉರಿ ದೊಡ್ಡದು ಮಾಡಿದ. ಎಂಥ ಶಾಂತಿ! ಪಾತ್ರೆ ಪಾಸಾದ ಡಬ್ಬಿಯ ಹಾಗೆ ಮೌನವಾಗಿ ನಿಂತಿತ್ತು. ಈ ಸಾಧನೆಯನ್ನು ಯಾರಿಗಾದರೂ ತೋರಿಸಬೇಕೆನಿಸಿತು. ಎದುರು ಫ್ಲ್ಯಾಟಿನ ಶ್ರೀನಿವಾಸ ಆಗಷ್ಟೇ ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದರು. ಅವರು ಇದೇ ಕಾರ್ಖಾನೆಯವರು. ಮನೆಮಾತು ತೆಲುಗಾದರೂ ಕನ್ನಡದವರ ನಡುವೆ ಕೆಲಸ ಮಾಡಿ ಮಾಡಿ ಕನ್ನಡ ಚೆನ್ನಾಗಿ ಬರುತ್ತಿತ್ತು. ಕಲ್ಲೇಶ ಅವರನ್ನು ಬಾಗಿಲಲ್ಲೇ ತಡೆದು, ಹಬೆ ಎಂದರೇನು, ಸಪ್ಪಳ ಎಂದರೇನು, ಹಳಬರ ಕುರುಡು ನಂಬಿಕೆ ಎಂದರೇನು ಎಂದು ವಿವರಿಸತೊಡಗಿದ. ಶ್ರೀನಿವಾಸರ ಕೈಯಲ್ಲಿ ಹಾಲಿನ ಪ್ಯಾಕೆಟ್ ಬೆವರಿತು. ವಿವರಣೆ ಮುಗಿಯಲಿಲ್ಲ.

ನಡುವೆ ಶ್ರೀನಿವಾಸ ಮೂಗರಳಿಸಿ, ಏನೋ ಸುಡುತ್ತಿದೆಯಲ್ಲ ಎಂದರು. ನಿಮ್ಮ ಮನೆಯಲ್ಲಿರಬೇಕು ಎಂದು ಕಲ್ಲೇಶ ಮಾತು ಮುಂದುವರಿಸಿದ. ಆಮೇಲೆ ಅವನ ಬೆನ್ನ ಹಿಂದಿನಿಂದಲೇ ಹೊಗೆ ಬಂದು ಇಬ್ಬರನ್ನೂ ದಾಟಿ ಮೆಟ್ಟಿಲು ಇಳಿಯಿತು.

ಒಳಗೆ ಓಡಿ ಒಲೆ ಆರಿಸಿ ಮುಚ್ಚಳ ತೆಗೆದರೆ ನೀರಿನ ಹನಿಯೂ ಇರಲಿಲ್ಲ. ಇಡ್ಲಿಗಳು ಇಟ್ಟಿಗೆಯ ಬಣ್ಣಕ್ಕೆ ಬಂದಿದ್ದವು, ಇಟ್ಟಿಗೆಯಷ್ಟೇ ಗಟ್ಟಿಯೂ ಆಗಿದ್ದವು. ಪಾತ್ರೆಯ ತಳ ಕರ್ರಗೆ. ಪಾರ್ವತಿಬಾಯಿಯವರ ತವರಿನ ಕಲಾಯಿ ಕರಗಿ, ಮಣಿ ಮಣಿಯಾಗಿ ತಳದಲ್ಲಿ ಕೂತಿತ್ತು. ಪಾತ್ರೆ ತಣ್ಣಗಾದ ಮೇಲೆ ಕಲ್ಲೇಶ ಚಾಳಿ ಬಿಡದೆ ಅದನ್ನು ಎತ್ತಿ ಕಿವಿಯ ಪಕ್ಕ ಅಲ್ಲಾಡಿಸಿದ. ಅದು ಕಲ್ಲಿದ್ದಾಗಿನದಕ್ಕಿಂತ ಜೋರಾಗಿ ಗಡಗಡ ಎಂದಿತು.

ವನಜಾ ತರಕಾರಿ ಚೀಲ ಇಳಿಸಿ ಪಾತ್ರೆಯನ್ನು ನೋಡಿದಳು. ಬಯ್ಯಲಿಲ್ಲ. ತಳವನ್ನು ಬೆರಳಿಂದ ಒಮ್ಮೆ ಉಜ್ಜಿ, ಕಪ್ಪಾದ ಬೆರಳನ್ನೇ ನೋಡುತ್ತ ಕುಳಿತಳು. "ಅವ್ವ ಇದನ್ನ ನನ್ನ ತಂಗಿಗೂ ಕೊಟ್ಟಿರಲಿಲ್ಲ" ಎಂದಳು. ಅವಳು ಬಯ್ದಿದ್ದರೇ ಚೆನ್ನಾಗಿತ್ತು ಎನಿಸಿತು ಕಲ್ಲೇಶನಿಗೆ.

ಆದರೆ ಅದರ ನಡುವೆಯೇ ಅವನ ತಲೆಯಲ್ಲಿ ಒಂದು ದೀಪ ಹತ್ತಿತು. ನೀರು ಕುದಿಯುವತನಕ ಕಲ್ಲು ಸಪ್ಪಳ ಮಾಡುತ್ತದೆ. ನೀರು ಮುಗಿದರೆ ಕಲ್ಲು ಸುಮ್ಮನಾಗುತ್ತದೆ. ಸಪ್ಪಳ ನಿಂತಿತೋ, ಒಲೆ ಆರಿಸು ಎಂದರ್ಥ! ಅದು ಕಸವಲ್ಲ, ಅಲಾರಂ! ಬ್ಯಾಟರಿಯಿಲ್ಲ, ತಂತಿಯಿಲ್ಲ, ಎಂದೂ ಕೆಡುವುದಿಲ್ಲ. ಕಾರ್ಖಾನೆಯ ಎಲ್ಲ ಇಂಜಿನಿಯರುಗಳು ಸೇರಿದರೂ ಇಂಥದ್ದೊಂದನ್ನು ಮಾಡಲಾರರು. "ನಿಮ್ಮವ್ವ ಭಾಳ ದೊಡ್ಡ ಇಂಜಿನಿಯರು, ವನಜಾ" ಎಂದು ಅವನು ತನ್ನ ಶೋಧವನ್ನು ವಿವರಿಸಿದ. ವನಜಾ ಕಪ್ಪಾದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಹೌದೇನ್ರಿ?" ಎಂದಳು. "ಹಂಗ ಇರಬೇಕು ಬಿಡ್ರಿ."

ಇದೇಕೆ ಹೀಗೆ ಅಂದಳು ಎಂದು ಯೋಚಿಸಲು ಅವನಿಗೆ ಪುರಸೊತ್ತಿರಲಿಲ್ಲ. ಮಧ್ಯಾಹ್ನವೆಲ್ಲ ಹುಣಸೆಹಣ್ಣು ಉಪ್ಪು ಹಾಕಿ ಪಾತ್ರೆ ತಿಕ್ಕಿದ. ತೋಳು ಬಿದ್ದುಹೋಗುವ ಹಾಗೆ ತಿಕ್ಕಿದ ಮೇಲೆ ಹಿತ್ತಾಳೆ ಒಂದಿಷ್ಟು ಮುಖ ತೋರಿಸಿತು. ಕಲಾಯಿಯನ್ನು ಆಮೇಲೆ ಹಾಕಿಸಬಹುದು, ನೀರು ಕುದಿಸಲು ಅಡ್ಡಿಯಿಲ್ಲ ಎಂದಳು ವನಜಾ. ಉಳಿದದ್ದು ಕಲ್ಲು. ಅತ್ತೆ ಬರುವುದರೊಳಗೆ ಅದೇ ಕಲ್ಲು ಬೇಕು.

ಸಂಜೆ ಕಾರಂಜಿಯ ಪಕ್ಕ ಕಲ್ಲೇಶ ಲುಂಗಿ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕುಳಿತ. ಪಕ್ಕದಲ್ಲಿ ಇಡ್ಲಿ ಪಾತ್ರೆ. ಒಂದು ಕಲ್ಲು ಆರಿಸುವುದು, ಪಾತ್ರೆಗೆ ಹಾಕುವುದು, ಎತ್ತಿ ಕಿವಿಯ ಪಕ್ಕ ಅಲ್ಲಾಡಿಸುವುದು, ತಲೆಯಾಡಿಸಿ ತೆಗೆದು ಆಚೆ ಇಡುವುದು. ಅವನ ಕಿವಿ ಆ ಕಲ್ಲಿನ ದನಿಯನ್ನು ಮರೆತಿರಲಿಲ್ಲ. ಆದರೆ ಒಂದು ಲಾರಿ ಕಲ್ಲಿನಲ್ಲಿ ಒಂದೇ ದನಿಯ ಅಣ್ಣತಮ್ಮಂದಿರು ಬಹಳ ಮಂದಿ ಇದ್ದರು. ವಾಕಿಂಗ್ ಹೊರಟವರು ನಿಂತರು. ಫೋನಿನಲ್ಲಿ ಮಾತಾಡುತ್ತಿದ್ದವರು, ಆಮೇಲೆ ಮಾಡುತ್ತೇನೆ ಎಂದು ಫೋನಿಟ್ಟರು. ಕಾರ್ಖಾನೆಯಲ್ಲಿ ಸಾಹೇಬನಾದವನಿಗೆ ಇಷ್ಟು ಬೇಗ ಹೀಗಾಯಿತಲ್ಲ ಎಂದು ಯಾರೋ ಹಿಂದಿಯಲ್ಲಿ ಮರುಗಿದ್ದು ಅವನ ಕಿವಿಗೆ ಬಿತ್ತು. ಶ್ರೀನಿವಾಸ ಹೆಂಡತಿ ನಿಖಿತಾಳನ್ನೂ ಕರೆದುಕೊಂಡು ಇಳಿದು ಬಂದರು.

ಮಾನ ಉಳಿಯಬೇಕಾದರೆ ಒಂದೇ ದಾರಿ ಇತ್ತು. ಕಲ್ಲೇಶ ಎದ್ದು ನಿಂತು, ಪಾತ್ರೆಯನ್ನು ಎದೆಗೆ ಹಿಡಿದು, ಭಾಷಣ ಶುರು ಮಾಡಿದ. ತೆಲುಗು, ಹಿಂದಿ, ಕನ್ನಡ ಮೂರೂ ಕೈಜೋಡಿಸಿದವು. ಕಲ್ಲಿನ ಅಲಾರಮ್ಮಿನ ಮಹಿಮೆ ಹೇಳಿದ. ಸಪ್ಪಳ ಇರುವಾಗ ಅಡುಗೆಮನೆಗೆ ಹೋಗಬಾರದು, ಅಡುಗೆ ಮಾಡುವವರನ್ನು ಕರೆಯಬಾರದು, ಅವರ ಗಮನ ಸಪ್ಪಳದ ಮೇಲೇ ಇರಬೇಕು, ಇಲ್ಲದಿದ್ದರೆ ಪಾತ್ರೆಯ ಗತಿ ಹೀಗಾಗುತ್ತದೆ ಎಂದು ಕಪ್ಪು ತಳವನ್ನು ಎತ್ತಿ ತೋರಿಸಿದ. ಗಂಡಸರೆಲ್ಲ ತಳವನ್ನು ಮುಟ್ಟಿ ನೋಡಿ ತಲೆದೂಗಿದರು. ಹೀಗೊಂದು ವಿಜ್ಞಾನ ನಮ್ಮ ಹಿರಿಯರಲ್ಲಿ ಇತ್ತಲ್ಲ ಎಂದರು. ಅಷ್ಟರಲ್ಲಿ ವನಜಾ ಕೆಳಗಿಳಿದು ಬಂದಿದ್ದಳು. ಹೆಂಗಸರು ಆಚೆ ಬದಿಗೆ ಅವಳನ್ನು ಸುತ್ತುವರಿದು ಏನೋ ಕೇಳುತ್ತಿದ್ದರು, ಅವಳು ಏನೋ ಹೇಳುತ್ತಿದ್ದಳು. ಒಮ್ಮೆ ಎಲ್ಲರೂ ಗೊಳ್ಳೆಂದು ನಕ್ಕದ್ದು ಕೇಳಿಸಿತು. ತನ್ನ ಲುಂಗಿಯನ್ನು ನೋಡಿ ನಕ್ಕಿರಬೇಕೆಂದು ಕಲ್ಲೇಶ ಅದನ್ನು ಕೆಳಗೆ ಬಿಟ್ಟುಕೊಂಡ.

ಹೋಗುವಾಗ ಒಬ್ಬೊಬ್ಬರೂ ಒಂದೊಂದು ಕಲ್ಲು ಆರಿಸಿಕೊಂಡು ಹೋದರು. ನಿಖಿತಾ ಎರಡು ತೆಗೆದುಕೊಂಡಳು. ಒಂದು ಕಳೆದುಹೋದರೆ ಇರಲಿ ಎಂದಳು. ಕೊನೆಗೆ ಕತ್ತಲಾಗುವ ಹೊತ್ತಿಗೆ ಕಲ್ಲೇಶನೂ ಒಂದನ್ನು ಆರಿಸಿದ. ಅದೇ ಕಂದು ಬಣ್ಣ, ಅದೇ ದನಿ. ಅದೇ ಕಲ್ಲೋ ಅಲ್ಲವೋ ಆ ದೇವರಿಗೇ ಗೊತ್ತು.

ಐತವಾರ ನಸುಕಿನಲ್ಲಿ ಬಸ್ಸಿನಿಂದಿಳಿದ ಪಾರ್ವತಿಬಾಯಿಯವರನ್ನು ಕಲ್ಲೇಶ ಸ್ಕೂಟರಿನಲ್ಲಿ ಕರೆತಂದ. ದಾರಿಯಲ್ಲೇ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟ. ಕಲ್ಲು ಎಸೆದದ್ದು, ಪಾತ್ರೆ ಸುಟ್ಟದ್ದು, ಅಲಾರಂ ಕಂಡುಹಿಡಿದದ್ದು. ತಲೆಯ ಮೇಲಿನ ಸೆರಗು ಗಾಳಿಗೆ ಜಾರದಂತೆ ಹಿಡಿದುಕೊಂಡು ಅತ್ತೆ ಎಲ್ಲವನ್ನೂ ಕೇಳಿದರು. ಅಲಾರಮ್ಮಿನ ಭಾಗ ಬಂದಾಗ ಅವರಿಗೆ ಕೆಮ್ಮು ಬಂತು. ಮನೆ ತಲುಪುವತನಕ ನಿಲ್ಲಲಿಲ್ಲ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಸಪ್ಪಳ ಎದ್ದಿತು. ಕಟಕಟ, ಕಟಕಟ, ಟಣ್. ಕಲ್ಲೇಶನಿಗೆ ತನ್ನ ಕೂಸಿನ ದನಿ ಕೇಳಿದಷ್ಟು ಸಂತೋಷವಾಯಿತು. ಎಷ್ಟೆಂದರೂ ಇದರ ಗುಟ್ಟು ಬಿಡಿಸಿದವನು ತಾನು. ಅದು ಕೆಲಸ ಮಾಡುವುದನ್ನು ಒಮ್ಮೆ ಕಣ್ಣಾರೆ ನೋಡಬಾರದೆ? ತಾನೇ ಊರಿಗೆಲ್ಲ ಸಾರಿದ ಕಾಯಿದೆ ನೆನಪಾಯಿತು. ಆದರೂ ಕಾಲು ತಾನಾಗಿ ಎದ್ದಿತು. ಮೆಲ್ಲಗೆ ಹೋಗಿ ಅಡುಗೆಮನೆಯಲ್ಲಿ ಇಣುಕಿದ.

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಸಣ್ಣ ಉರಿಯ ಮೇಲೆ ಪಾತ್ರೆ ತನ್ನಷ್ಟಕ್ಕೆ ತಾನು ಸಪ್ಪಳ ಮಾಡುತ್ತಿತ್ತು. ಪಕ್ಕದ ಡಬ್ಬಿಯಲ್ಲಿ ಬೆಂದ ಇಡ್ಲಿಗಳು ಆಗಲೇ ಮುಚ್ಚಿಕೊಂಡು ಕೂತಿದ್ದವು. ಪಾತ್ರೆಯೊಳಗೆ ಬರೀ ನೀರು ಮತ್ತು ಕಲ್ಲು!

ಕಲ್ಲೇಶ ಹಿಂದಿನ ಬಾಲ್ಕನಿಯ ಕಡೆ ನೋಡಿದ. ಪಾತ್ರೆ ತೊಳೆಯುವ ಆ ಇಕ್ಕಟ್ಟಿನ ಜಾಗದಲ್ಲಿ ಅತ್ತೆ ಮಣೆಯ ಮೇಲೆ, ವನಜಾ ಬೋರಲು ಹಾಕಿದ ಬಕೆಟ್ಟಿನ ಮೇಲೆ, ಕಾಲು ಚಾಚಿ ಕುಳಿತಿದ್ದರು. ಇಬ್ಬರ ಕೈಯಲ್ಲೂ ಚಹಾ. ವನಜಾಳ ಕಪ್ಪಿನಿಂದ ಹಬೆ ಏಳುತ್ತಿತ್ತು. ಅವಳು ಅದನ್ನು ಊದಿ ಊದಿ ಕುಡಿಯುತ್ತಿದ್ದಳು. ಹೆಂಡತಿ ಚಹಾ ಊದಿ ಕುಡಿಯುವುದನ್ನು ಅವನು ನೋಡಿ ಎಷ್ಟು ಕಾಲವಾಗಿತ್ತೋ.

ಅಳಿಯನನ್ನು ಕಂಡು ಪಾರ್ವತಿಬಾಯಿ ಗಡಬಡಿಸಲಿಲ್ಲ. ಸೆರಗು ಸರಿಮಾಡಿಕೊಂಡರು.

"ಅಳಿಯಾರ, ನೀರು ಮುಗದದ್ದು ಗೊತ್ತಾಗಾಕ ಕಲ್ಲ ಯಾಕ ಬೇಕ್ರಿ? ಮುಚ್ಚಳ ತಗದು ನೋಡಿದ್ರ ಆತು" ಎಂದರು. "ನಮ್ಮ ಮನ್ಯಾಗ ಮಂದಿ ಭಾಳ ಇದ್ರು. ಮುಂಜಾನಿ ಎದ್ರ ಪಾರ್ವತಿ ನೀರು, ಪಾರ್ವತಿ ದೋತರ, ಪಾರ್ವತಿ ನನ್ನ ಚಪ್ಪಲಿ ಎಲ್ಲಿ. ಈ ಸಪ್ಪಳ ಇದ್ದಾಗ ಮಾತ್ರ, ಇಡ್ಲಿ ಕೆಡತಾವು ಅಂತ ಯಾರೂ ಕರೀತಿರಲಿಲ್ಲ. ಅಷ್ಟೊತ್ತು ಹಿತ್ತಲದಾಗ ಕುಂತು ಒಂದು ಕಪ್ ಚಹಾ ಬಿಸಿ ಇದ್ದಂಗ ಕುಡೀತಿದ್ದೆ. ಇಕಿ ಫೋನ್ ಮಾಡಿ, ಅವ್ವಾ, ಇವರು ಜನರಲ್ ಶಿಫ್ಟಿಗೆ ಬಂದಾರ ಅಂದ್ಲು. ಅದಕ್ಕ ಪಾತ್ರಿ ಕಳಿಸಿದೆ."

ಕಲ್ಲೇಶನಿಗೆ ನಾಚಿಕೆಯಾಯಿತು. ಕೆನೆಗಟ್ಟಿದ ಕಪ್ಪುಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಸಾಸಿವೆಯಷ್ಟು ಬೆಸುಗೆ ಉದುರಿದರೆ ಕೇಳಿಸುವ ಕಿವಿ, ತಾನು ಬೆಳಗೆಲ್ಲ ಕರೆಯುವ ಕರೆಯನ್ನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ತಲೆಯೆತ್ತಿದರೆ ಎದುರು ಬಾಲ್ಕನಿಯಲ್ಲಿ ನಿಖಿತಾ ಕಾಣಿಸಿದಳು. ಗೋಡೆಗೊರಗಿ ಕುಳಿತು ಕಾಫಿ ಕುಡಿಯುತ್ತಿದ್ದಳು. ಅವಳ ಮೇಲಿನ ಬಾಲ್ಕನಿಯಲ್ಲಿ ಒಬ್ಬಾಕೆ, ಕೆಳಗಿನ ಬಾಲ್ಕನಿಯಲ್ಲಿ ಇಬ್ಬರು. ಎಲ್ಲರ ಕೈಯಲ್ಲೂ ಕಪ್ಪು. ಆಗ ಅವನ ಕಿವಿ ತೆರೆಯಿತು. ಮೇಲಿನಿಂದ, ಕೆಳಗಿನಿಂದ, ಎದುರಿನಿಂದ, ಎಲ್ಲ ಅಡುಗೆಮನೆಗಳಿಂದ ಬರುತ್ತಿತ್ತು ಅದೇ ಸಪ್ಪಳ. ಕಟಕಟ, ಕಟಕಟ, ಟಣ್. ಕಾರಂಜಿಯ ಕಲ್ಲುಗಳು ಕೊನೆಗೂ ನೀರು ಕಂಡಿದ್ದವು.

ನಿಖಿತಾ ಅವನನ್ನು ನೋಡಿ ಕಪ್ಪು ಎತ್ತಿ, ಥ್ಯಾಂಕ್ಸ್ ಎಂದು ದನಿಯಿಲ್ಲದೆ ತುಟಿಯಾಡಿಸಿದಳು.

"ನೋಡಿದ್ರಲ್ಲ?" ಎಂದಳು ವನಜಾ, ಬಕೆಟ್ಟಿನಿಂದ ಏಳದೆ. "ಇನ್ನ ಹೊರಗ ಹೋಗಿ ಕೂಡ್ರಿ. ಸಪ್ಪಳ ಇನ್ನೂ ಐತಿ."

ಕಲ್ಲೇಶ ಹಾಲಿಗೆ ಹೋಗಿ ಕುಳಿತ. ಪೇಪರ್ ಓದೋಣವೆಂದರೆ ಕನ್ನಡಕ ಕಾಣಲಿಲ್ಲ. ವನಜಾ ಎನ್ನಲು ಬಾಯಿ ತೆರೆದು, ಮುಚ್ಚಿ, ತಾನೇ ಎದ್ದು ಹುಡುಕಿದ. ಅಷ್ಟರಲ್ಲಿ ಫೋನು ಬಂತು. ಶ್ರೀನಿವಾಸ. ನಿಮ್ಮ ಅಲಾರಂ ಬಹಳ ಚೆನ್ನಾಗಿದೆ ಎಂದರು. ಆದರೆ ಸಪ್ಪಳ ಬಹಳ ಹೊತ್ತಿನಿಂದ ನಡೆಯುತ್ತಲೇ ಇದೆ, ಇಡ್ಲಿಯಂತೂ ಬಂದಿಲ್ಲ, ಒಳಗೆ ಏನಾಗುತ್ತಿದೆಯೋ ಎಂದು ಕುತೂಹಲವಾಗಿದೆ, ಒಂದು ಸಲ ಹೋಗಿ ನೋಡಲೇ ಎಂದು ಕೇಳಿದರು.

"ಬ್ಯಾಡ್ರಿ ಸರ್, ಹೋಗಬ್ಯಾಡ್ರಿ" ಎಂದ ಕಲ್ಲೇಶ. "ಇಡ್ಲಿ ಕೆಡತಾವು."

ಯಾಕೆ ಕೆಡುತ್ತವೆ ಎಂದು ಶ್ರೀನಿವಾಸ ಕೇಳಿದರು.

"ಕೆಡತಾವ್ರಿ ಸರ್. ನಮ್ಮತ್ತಿ ಹೇಳ್ಯಾರ."